ಮಡಿಲಿಗೆ ಹಾಕದ ಅಕ್ಕಿ

ಚಿನಕುರಳಿ
18-9-1996

ಚಿ. ರಂಜಿತಳಿಗೆ ನಿನ್ನ ಅಮ್ಮ ಮಾಡುವ ಆಶೀರ್ವಾದ.

ಹಿಂದೆಲ್ಲ ಚಿ. ಸೌ. ಎಂದು ಬರೆಯುತ್ತಿದ್ದೆ. ಗಂಡನನ್ನು ಬಿಟ್ಟವಳಿಗೆ ಹಾಗೆ ಬರೆದರೆ ಸಿಟ್ಟು ಬರುತ್ತದೋ, ಬರೆಯದಿದ್ದರೆ ಬರುತ್ತದೋ ತಿಳಿಯದೆ ಅರ್ಧಕ್ಕೇ ನಿಲ್ಲಿಸಿದೆ. ಇಲ್ಲಿ ನಿಮ್ಮಪ್ಪನೂ ಎಮ್ಮೆಯೂ ಚೆನ್ನಾಗಿದ್ದಾರೆ. ನಾನು ಹೇಗಿದ್ದೇನೆ ಎಂದು ನೀನು ಕೇಳುವುದಿಲ್ಲ, ಆದ್ದರಿಂದ ನಾನೂ ಹೇಳುವುದಿಲ್ಲ.

ನೀನು ನಾಗಮಂಗಲದ ಮನೆ ಬಿಟ್ಟು ಶ್ರೀರಂಗಪಟ್ಟಣದ ಟೈಲರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಪಾಂಡವಪುರದಲ್ಲಿ ಒಂದು ಬಸ್ಸು ಬದಲಾಯಿಸಿದರೆ ನಮ್ಮೂರು. ಸಂಜೆ ಬಸ್ಸು ಬರುವ ಹೊತ್ತಿಗೆ ನನಗೆ ಬಾಗಿಲಲ್ಲೇ ಏನಾದರೂ ಕೆಲಸ ಇರುತ್ತದೆ. ಅವಳು ಬರಾಕಿಲ್ಲ ಬುಡು, ಒಳೀಕ್ ಬಾ ಎನ್ನುತ್ತಾರೆ ನಿಮ್ಮಪ್ಪ. ಕಾಯುತ್ತಿದ್ದೇನೆಂದು ನಾನು ಯಾರಿಗೆ ಹೇಳಿದೆ?

ಪಕ್ಕದ ಮನೆ ಕುಳ್ಳಮ್ಮನ ಮಗಳು ಅನು ಹೋದ ತಿಂಗಳು ಕಿಕ್ಕೇರಿಯ ಗಂಡನ ಮನೆಯಿಂದ ತುಟಿ ಒಡೆಸಿಕೊಂಡು ಬಂದಳು. ಮೂರನೇ ದಿನಕ್ಕೇ ವಾಪಸು ಕಳಿಸಲು ಕುಳ್ಳಮ್ಮ ತಯಾರಾದಳು. ಮಡಿಲು ತುಂಬಲು ನಮ್ಮ ಹಾಲಿನ ಸಂಘದ ಐವರು ಮುತ್ತೈದೆಯರನ್ನು ಕರೆದಳು. ಮೊರದಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆ ಕಣ, ಎಲ್ಲ ಅಚ್ಚುಕಟ್ಟು. ಹಿರಿಯಳೆಂದು ಮೊದಲು ನಾನು ಹಾಕಬೇಕಿತ್ತು. ಬೊಗಸೆಯಲ್ಲಿ ಅಕ್ಕಿ ಎತ್ತಿಕೊಂಡೆ. ಅನು ತಲೆ ಎತ್ತದೆ ಸೆರಗು ಒಡ್ಡಿದಳು. ನೀನು ಒಡ್ಡಿದ್ದೂ ಹಾಗೆಯೇ. ಅಕ್ಕಿಯನ್ನು ಮೊರಕ್ಕೇ ಸುರಿದು, ನನ್ ಕೈಲಿ ಆಗಾಕಿಲ್ಲ ಎಂದುಬಿಟ್ಟೆ.

ಕುಳ್ಳಮ್ಮ ಸುಮ್ಮನಿರುವವಳೇ? ನಿನ್ ಮಗಳ್ಗೆ ತುಂಬಿ ಕಳಿಸ್ಲಿಲ್ವಾ, ನನ್ ಮಗಳ ಸಂಸಾರಕ್ಯಾಕೆ ಕಲ್ಲಾಕ್ತೀಯ ಎಂದು ಎಗರಾಡಿದಳು. ಅಂಗೆ ಕಳಿಸಿದ್ಕೇ ಕಣವ್ವ ನನ್ ಮಗಳು ಬಾಗ್ಲಿಗೂ ಬರ್ತಿಲ್ಲ ಎಂದೆ. ಎಲ್ಲರೆದುರು ಅತ್ತುಬಿಟ್ಟೆ, ನಾಚಿಕೆಯಾಗಲಿಲ್ಲ. ಐವರಲ್ಲಿ ಒಬ್ಬಳಾದ ಮಂಗಳಮ್ಮ ಎದ್ದು ಬಂದು ನನ್ನ ಪಕ್ಕ ಕೂತಳು. ಉಳಿದವರೂ ಅಕ್ಕಿ ಮುಟ್ಟಲಿಲ್ಲ. ಮಡಿಲು ತುಂಬದೆ ಮಗಳನ್ನು ಕಳಿಸುವ ಧೈರ್ಯ ಕುಳ್ಳಮ್ಮನಿಗೆಲ್ಲಿಂದ ಬರಬೇಕು?

ಮಾರನೆಯ ದಿನ ಮಂಗಳಮ್ಮ ಅನುವನ್ನು ಪಾಂಡವಪುರಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ, ಪೊಲೀಸ್ ಸ್ಟೇಷನ್ನಿನಲ್ಲಿ ದೂರು ಬರೆಸಿದಳು. ಗಂಡನ ಕಡೆಯವರು ನ್ಯಾಯ ಮಾಡಲು ಬಂದಾಗ ಹಾಲು ಹಾಕಲು ನಿಂತಿದ್ದ ಇಪ್ಪತ್ತು ಹೆಂಗಸರೂ ಹೋಗಿ ಕುಳ್ಳಮ್ಮನ ಜಗಲಿಯಲ್ಲಿ ಕೂತೆವು. ಮೀಸೆ ತಿರುವುತ್ತಾ ಬಂದವರು ಕಾಫಿ ಕುಡಿದು ಹೋದರು. ಈಗ ಸಂಘದಲ್ಲಿ ಮಾತಾಗಿದೆ. ಯಾರ ಮನೆ ಮಗಳೇ ಆಗಲಿ, ತಾನಾಗಿ ಹೋಗುತ್ತೇನೆ ಎನ್ನುವವರೆಗೆ ನಮ್ಮಲ್ಲಿ ಯಾರೂ ಅವಳ ಮಡಿಲಿಗೆ ಅಕ್ಕಿ ಹಾಕಕೂಡದು.

ಕುಳ್ಳಮ್ಮನ ಸಿಟ್ಟು ಇಳಿಯುವವರೆಗೆ ಅನು ನಿನ್ನ ಕೋಣೆಯಲ್ಲಿ ಮಲಗುತ್ತಾಳೆ. ಅವಳ ತಲೆ ಬಾಚಲು ಕೂರುತ್ತೇನೆ, ಜಡೆ ಅರ್ಧಕ್ಕೆ ಬರುವಷ್ಟರಲ್ಲಿ ಕಣ್ಣು ಮಂಜಾಗುತ್ತದೆ. ಪಾಪ, ಅವಳ ಜಡೆ ದಿನಾ ಸೊಟ್ಟ. ನಿನ್ನನ್ನು ನೋಡಬೇಕು ಕಣೇ. ಬೇರೇನೂ ಬೇಡ. ನಿನಗೆ ಬರಲು ಮನಸ್ಸಿಲ್ಲದಿದ್ದರೆ ನಾನೇ ಬರಲೇ? ಅಂಗಡಿಯ ಹೊರಗೆ ನಿಂತು ನೋಡಿಕೊಂಡು ಹೋಗುತ್ತೇನೆ.

ಇತಿ,
ನಿನ್ನ ಅಮ್ಮ
ಜಯಲಕ್ಷ್ಮಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಅವನು ಎಷ್ಟು ಹೊಡೆದಿದ್ದನೆಂದು ಅಮ್ಮನಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಕಳಿಸುತ್ತಿರಲಿಲ್ಲ ಎಂದು ನೀನು ನಿನ್ನ ಚಿಕ್ಕಮ್ಮನ ಹತ್ತಿರ ನನ್ನ ಪರವಾಗಿ ಹೇಳಿದೆಯಂತೆ. ಇಲ್ಲ ಮಗಳೇ. ನಿನ್ನನ್ನು ಕಳಿಸಿದ ದಿನ ಬೆಳಿಗ್ಗೆ ತಲೆಗೆ ನೀರು ಹಾಕುವಾಗ ನಿನ್ನ ಬೆನ್ನು ನೋಡಿದ್ದೆ. ನೋಡಿಯೂ ಕಳಿಸಿದೆ. ಇದು ತಿಳಿದ ಮೇಲೂ ನಾನು ಬರಬಹುದು ಅನ್ನಿಸಿದರೆ ಒಂದು ಕಾರ್ಡು ಹಾಕು.