ಬಾಟಲಿಯ ಮೇಲಿನ ‘ನಾನು’

ಶುಕ್ರವಾರ
ಅಕ್ಕನ ಮನೆಯಿಂದ

ನನ್ನ ಗಂಡನಾದ ನಿನಗೆ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಗೀಟು ಕಂಡರೆ ಕಾಣಲಿ.

ನಿನ್ನ ಪತ್ರ ಬಂತು. ಹೇಗಿದ್ದೀಯ ಎಂದು ಅರ್ಧ ಸಾಲು, ಉಳಿದದ್ದೆಲ್ಲ ಗಾಜಿನ ಮೇಲಿನ ಪಾಲಿಮರ್ ಫಿಲ್ಮಿನ ಗೋಳು. ಬೆಳಕು ಬಿಟ್ಟರೆ ಕರೆಂಟು ಬರುತ್ತದೆ, ಆದರೆ ಉಲ್ಟಾ ಹರಿಯುತ್ತದೆ. ಸೋಮವಾರ ಪರೀಕ್ಷಕರ ಎದುರು ಮಾಡಿ ತೋರಿಸಬೇಕು. ದಮ್ಮಯ್ಯ, ಏನಾದರೂ ಹೇಳು ಎಂದು ಗೋಗರೆದಿದ್ದೀಯ. ನಿನ್ನ ಪಿಎಚ್.ಡಿ. ಪ್ರಬಂಧದಲ್ಲಿ ನನ್ನ ಹೆಸರು ಬಿಟ್ಟಾಗ ಎಲ್ಲಿ ಹೋಗಿತ್ತು ಈ ದಮ್ಮಯ್ಯ? ಯಾಕೆಂದು ಕೇಳಿದರೆ, ಗಂಡ ಹೆಂಡತಿ ನಡುವೆ ನಂದು ನಿಂದು ಅಂತ ಏನಿದೆ ಎಂದು ನೀನು ನಕ್ಕೆ. ನಾನು ಅವತ್ತೇ ಬಟ್ಟೆ ಕಟ್ಟಿದೆ.

ನೀರಿನ ಮೇಲೆ ಪಾಲಿಮರನ್ನು ಹಾಲಿನ ಕೆನೆಗಿಂತ ತೆಳ್ಳಗೆ ಹರಡಿ, ಉಸಿರು ಬಿಗಿಹಿಡಿದು ಗಾಜನ್ನು ಅದ್ದಿ ಎತ್ತುತ್ತಿದ್ದವಳು ನಾನು. ಪದರದ ಮೇಲೆ ಪದರ. ಬೆಳಕು ಬಿದ್ದಾಗ ಎಲೆಕ್ಟ್ರಾನನ್ನು ಕೊಡುವ ಪದರ ಒಂದು, ತೆಗೆದುಕೊಳ್ಳುವ ಪದರ ಇನ್ನೊಂದು. ಕೊಡುವುದು ಮೊದಲು ಗಾಜಿಗೆ ಅಂಟಿ ಕೂರಬೇಕು, ಅಷ್ಟು ನಿನಗೂ ಗೊತ್ತು. ನೀನು ಅದಲುಬದಲು ಮಾಡಿರುವುದು ಆ ಎರಡು ಪಾಲಿಮರಿನ ಬಾಟಲಿಗಳನ್ನು.

ಎರಡೂ ನೋಡಲು ಒಂದೇ ತಿಳಿ ಹಳದಿ. ಮದುವೆಯಾದ ಹೊಸದರಲ್ಲಿ ಚೇಷ್ಟೆಗೆಂದು ಒಂದಕ್ಕೆ ‘ನಾನು’, ಇನ್ನೊಂದಕ್ಕೆ ‘ನೀನು’ ಎಂದು ನಾನೇ ಬರೆದು ಚೀಟಿ ಅಂಟಿಸಿದ್ದೆ. ಅವನ್ನು ಮುಟ್ಟುವವಳು ನಾನೊಬ್ಬಳೇ, ಹಾಗಾಗಿ ಅದೇ ಹೆಸರು ಉಳಿಯಿತು. ಮೊದಲು ‘ನೀನು’, ಆಮೇಲೆ ‘ನಾನು’ ಅದ್ದಿದೆ ಎಂದು ಬರೆದಿದ್ದೀಯ. ನನ್ನ ಅಕ್ಷರ ಗುರುತು ಹಿಡಿದೆ, ‘ನೀನು’ ಅಂದರೆ ನೀನೇ ಎಂದು ಸರಿಯಾಗಿಯೇ ಓದಿದೆ. ಆದರೆ ಕೊಡುವವನು ನಾನಲ್ಲದೆ ಇನ್ಯಾರು ಎಂದು ನೀನಂದುಕೊಂಡೆಯಲ್ಲ! ನಾನು ನಕ್ಕ ಸದ್ದಿಗೆ ಅಕ್ಕ ಅಡುಗೆಮನೆಯಿಂದ ಓಡಿಬಂದಳು. ಆಮೇಲೆ ಅಳು ಬಂತು. ಇಷ್ಟು ವರ್ಷ ತೆಗೆದುಕೊಂಡವನಿಗೆ ತಾನೇ ಕೊಟ್ಟೆನೆಂಬ ನಂಬಿಕೆ.

ಕೊಡುವುದು ‘ನಾನು’. ಅದನ್ನು ಮೊದಲು ಅದ್ದು, ಕರೆಂಟು ನೆಟ್ಟಗೆ ಹರಿಯುತ್ತದೆ. ಊಟ ಬಿಡಬೇಡ, ನಿನಗೆ ಗ್ಯಾಸ್ಟ್ರಿಕ್ಕು.

ಇಂತಿ,
ಪ್ರಬಂಧದಲ್ಲಿ ಇಲ್ಲದವಳು

ತಾ.ಕ.: ಇದನ್ನು ಸಾದಾ ಅಂಚೆಗೆ ಹಾಕುತ್ತಿದ್ದೇನೆ. ಸೋಮವಾರ ಕಳೆದ ಮೇಲೆಯೇ ನಿನ್ನ ಕೈ ಸೇರೀತು. ಪರೀಕ್ಷಕರಲ್ಲಿ ಒಬ್ಬರು ನಿನ್ನೆ ಫೋನ್ ಮಾಡಿ, ನಿಜವಾಗಿ ಈ ಕೆಲಸ ಯಾರದಮ್ಮ ಎಂದು ಕೇಳಿದರು. ನಾನು ನಿನ್ನ ಮೇಲೆ ಒಂದು ಚಾಡಿಯನ್ನೂ ಹೇಳಲಿಲ್ಲ. ಬಾಟಲಿಯ ಮೇಲಿರುವ ‘ನಾನು’ ಯಾರು ಎಂದು ಎಲ್ಲರೆದುರು ಅವನನ್ನೇ ಕೇಳಿ, ಅಂದೆ.