ಐದು ಬೆರಳಿನ ಗುರುತು

ರಾಜಘಟ್ಟ
೧೮-೪-೧೯೪೬

ಅಕ್ಕಯ್ಯನಿಗೆ ನಿನ್ನ ತಂಗಿ ಮುನಿತಾಯಿ ಮಾಡುವ ನಮಸ್ಕಾರ.

ನಾವೆಲ್ಲ ಇಲ್ಲಿ ಸುಖವಾಗಿದ್ದೀವಿ. ಭಾವನವರ ಮಂಡಿನೋವು ಇಳಿಯಿತಾ? ಯುಗಾದಿಗೆ ಮುಂಚೆ ನೀನು ಹಾಕಿದ ಕಾರ್ಡಿಗೆ ಈಗ ಉತ್ತರ ಬರೀತಿದ್ದೀನಿ, ಕೋಪ ಮಾಡ್ಕೋಬೇಡ. ಇದು ಕಾರ್ಡಿನಲ್ಲಿ ಬರೆಯೋ ವಿಷಯ ಅಲ್ಲ. ಕಾರ್ಡು ಬೂದಿಗೆರೆ ಸೇರೋಷ್ಟರಲ್ಲಿ ಹತ್ತು ಜನ ಓದಿರ್ತಾರೆ. ಅದಕ್ಕೇ ಲಕೋಟೆ ತರಿಸಿಕೊಂಡು, ಮನೇಲಿ ಯಾರೂ ಇಲ್ಲದ ಹೊತ್ತು ನೋಡಿ ಕೂತಿದ್ದೀನಿ.

ವಿಷಯ ನಮ್ಮ ಅನುಸೂಯನದು. ಅವಳಿಗೆ ಹದಿನಾಲ್ಕು ತುಂಬಿತು. ದೊಡ್ಡಬೆಳವಂಗಲದಿಂದ ಒಂದು ಸಂಬಂಧ ಬಂದಿದೆ, ಬರೋ ತಿಂಗಳು ಹೆಣ್ಣು ನೋಡೋಕೆ ಬರ್ತಾರಂತೆ. ಇವಳೋ, ಒಂದು ತಿಂಗಳಿಂದ ಊಟ ಆದ ತಕ್ಷಣ ಬುಟ್ಟಿ ಹಿಡಿದು ಹೊಂಗೆಕಾಯಿ ಆಯೋಕೆ ಅಂತ ಕೆರೆ ಕಡೆ ಹೊರಡ್ತಿದ್ದಳು. ಜತೆಗೆ ಮೂರು ಜನ ಗೆಳತಿಯರು. ಹೊತ್ತು ಇಳಿದ ಮೇಲೆ ಬರೋಳು. ಬುಟ್ಟೀಲಿ ಒಂದು ಹಿಡಿ ಕಾಯಿ ಇರ್ತಿತ್ತು. ಮುಖ ಕೆಂಡ, ಜಡೆ ಬಿಚ್ಚಿಹೋಗಿರೋದು. ಕೇಳಿದರೆ, "ಮರ ಎತ್ತರ ಕಣಮ್ಮ, ಕೈಗೆಟುಕಲ್ಲ" ಅನ್ನೋಳು.

ಒಂದು ದಿನ ರಾಗಿ ಬೀಸುತ್ತಾ ಬಾಯೊಳಗೇ ಏನೋ ಗೊಣಗ್ತಿದ್ದಳು. ಉಸಿರು ಎಳೆಯೋದೇ ಇಲ್ಲ, ಕಣ್ಣು ಕೆಂಪಾಗಿವೆ. "ಏನೇ ಅದು?" ಅಂದೆ. ಬೆಚ್ಚಿಬಿದ್ದು, "ಪದ ಹೇಳ್ತಿದ್ದೆ" ಅಂದಳು. ಉಸಿರೇ ಬಿಡದೆ ಯಾರಕ್ಕ ಪದ ಹೇಳ್ತಾರೆ? ಯಾರೋ ಏನೋ ಮಾಡಿಸಿದ್ದಾರೆ ಅಂತ ಹೆದರಿ ಮುತ್ಯಾಲಮ್ಮನಿಗೆ ಹರಕೆ ಹೊತ್ತೆ.

ಯುಗಾದಿ ಕಳೆದ ಶನಿವಾರ ಎಣ್ಣೆ ಹಚ್ಚೋವಾಗ ಅವಳ ಕಾಲಿನ ಹರಡು ಕಂಡಿತು. ಐದು ಬೆರಳಿನ ಗುರುತು, ನೀಲಿಗಟ್ಟಿತ್ತು.

"ಯಾರೇ ಹಿಡಿದದ್ದು?"

"ಬೇಲಿಗೆ ಸಿಕ್ಕಿಹಾಕ್ಕೊಂಡಿತ್ತಮ್ಮ."

ಬೇಲಿಗೆ ಬೆರಳಿರುತ್ತಾ? ಪಕ್ಕದ ಮನೆ ದ್ಯಾವಮ್ಮ ಬೇರೆ, "ಮಗಳ ಮೇಲೆ ಒಂದು ಕಣ್ಣಿಡವ್ವ, ಕೆರೆ ಹಿಂದೆ ಕಿರುಚಾಟ ಕೇಳಿಸ್ತದೆ" ಅಂತ ಹೇಳಿ ಹೋದಳು. ಆಮೇಲೆ ಬೀದೀಲಿ ಹೋಗೋ ಗಂಡಸರ ಕೈಗಳನ್ನೇ ನೋಡ್ತಿದ್ದೆ. ಇವನ ಬೆರಳು ಉದ್ದವೋ, ಅವನ ಬೆರಳು ದಪ್ಪವೋ ಅಂತ. ಮಜ್ಜಿಗೆ ಕೇಳೋಕೆ ಬಂದ ಮುದುಕ ಸೊಣ್ಣಪ್ಪನನ್ನೂ ಬಿಡಲಿಲ್ಲ.

ಸೋಮವಾರ ಅವಳ ಹಿಂದೆಯೇ ಹೋದೆ. ಏರಿ ದಾಟಿದರೆ ಒಣಗಿದ ಕೆರೆಯಂಗಳ, ಅಂಚಿಗೆ ಹೊಂಗೆಮರದ ಸಾಲು. ಮರೆಯಲ್ಲಿ ನಿಂತೆ. ಅನುಸೂಯನ ದನಿ ಕೇಳಿಸ್ತು, ಹಿಂದೆಯೇ ಒಂದು ಕಿರುಚು. ಕೈಗೆ ಕಲ್ಲು ತಗೊಂಡು ನುಗ್ಗಿದೆ.

ಎಂಟು ಜನ ಹುಡುಗಿಯರು, ಅಕ್ಕ. ಲಂಗ ಎತ್ತಿ ಕಚ್ಚೆ ಕಟ್ಟಿದ್ದಾರೆ. ಮಣ್ಣಿನ ಮೇಲೆ ಉದ್ದಕ್ಕೆ ಗೆರೆ, ಗಂಡುಹುಡುಗರು ಆಡೋ ಕಬಡ್ಡಿ ಆಟ. ನನ್ನ ಮಗಳು "ಚೆಡುಗುಡು ಚೆಡುಗುಡು" ಅಂತ ಒಂದೇ ಉಸಿರಲ್ಲಿ ಹೇಳ್ತಾ, ಸೊಂಟ ಹಿಡಿದ ಮೂವರನ್ನ ಎಳಕೊಂಡು ಗೆರೆ ಕಡೆ ತೆವಳ್ತಿದ್ದಾಳೆ. ಹರಡು ಹಿಡಿದು ಎಳೀತಿರೋಳು ಯಾರು ಅಂದ್ಕೊಂಡೆ? ಕೊಂಡಪ್ಪನ ಮನೆಗೆ ಹೋದ ವರ್ಷ ಬಂದ ಸೊಸೆ, ಮುನಿಲಕ್ಷ್ಮಮ್ಮ! ಕೋಲಾರದ ಕಡೆ ಹುಡುಗಿ, ಅವಳಿಗೇ ಇನ್ನೂ ಹದಿನೇಳು. ಬಟ್ಟೆ ಒಗೆಯೋಕೆ ಅಂತ ಬಂದು ಇವರಿಗೆಲ್ಲ ಆಟ ಕಲಿಸ್ತಿದ್ದಾಳೆ. ಅನುಸೂಯ ಗೆರೆ ಮುಟ್ಟಿದಳು, ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನನ್ನ ಮಗಳಿಗೆ ಅಂಥ ನಗು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

ನನ್ನ ಕಂಡದ್ದೇ ಎಲ್ಲ ಲಂಗ ಇಳಿಸಿಕೊಂಡರು. ಮುನಿಲಕ್ಷ್ಮಮ್ಮ ಕೈ ಮುಗಿದು, "ಅಕ್ಕಾ, ನಮ್ಮತ್ತೆಗೆ ಹೇಳಬೇಡಿ, ನನ್ನ ತವರಿಗೆ ಕಳಿಸಿಬಿಡ್ತಾರೆ" ಅಂದಳು. ಆಗಲೂ ನನ್ನ ಅನುಮಾನ ಹೋಗಲಿಲ್ಲ. ಒಂದೊಂದು ಮರದ ಹಿಂದೆಯೂ ಹೋಗಿ ನೋಡಿದೆ.

"ಇನ್ಯಾರನ್ನ ಹುಡುಕ್ತೀಯಮ್ಮ?" ಅಂದಳು ಅನುಸೂಯ. ಸಿಟ್ಟಿನಿಂದ ಅಲ್ಲ, ಮೆಲ್ಲಗೆ. ನನಗೆ ಕಲ್ಲು ಕೆಳಗೆ ಹಾಕೋಕೂ ನಾಚಿಕೆಯಾಯ್ತು.

ಅವತ್ತು ಸಂಜೆ ಯಜಮಾನರು, "ದ್ಯಾವಮ್ಮ ಏನೋ ಅಂತಿದ್ದಳು, ಹುಡುಗಿ ಎಲ್ಲಿಗೆ ಹೋಗ್ತಾಳೆ?" ಅಂದರು. "ನನ್ನ ಜತೆ ಹೊಂಗೆಕಾಯಿಗೆ" ಅಂದೆ. ಮದುವೆಯಾದ ಮೇಲೆ ಅವರಿಗೆ ಹೇಳಿದ ಮೊದಲ ಸುಳ್ಳು. ನಂಬಿದರೋ ಇಲ್ಲವೋ ತಿಳೀದು. ಸಂಬಂಧದ ಮಾತನ್ನ ಒಂದು ವರ್ಷ ಮುಂದಕ್ಕೆ ಹಾಕೋಣ ಅಂತಲೂ ಕೇಳಿದೆ. "ಯಾಕೆ?" ಅಂದರು. "ಇನ್ನೂ ಎಳೇ ಹುಡುಗಿ" ಅಂದೆ. ನಿನ್ನೆ ದೊಡ್ಡಬೆಳವಂಗಲಕ್ಕೆ ಹೇಳಿ ಕಳಿಸಿದರಂತೆ, ಈ ವರ್ಷ ಬೇಡ ಅಂತ.

ಈಗ ದಿನಾ ನಾನೂ ಹೋಗ್ತೀನಿ. ಏರಿ ಮೇಲೆ ಕೂತು ಕಾಯಿ ಆಯ್ತಾ ದಾರಿ ಕಾಯ್ತೀನಿ. ಯಾರಾದರೂ ಬಂದರೆ ಕೆಮ್ಮುತ್ತೀನಿ. ದ್ಯಾವಮ್ಮ ಎರಡು ಸಲ ಆ ಕಡೆ ಸುಳಿದಳು.

ಭಾವನವರಿಗೆ ನಮಸ್ಕಾರ ಹೇಳು. ನಿನ್ನ ಮಕ್ಕಳು ನೂರು ಕಾಲ ಗಟ್ಟಿಯಾಗಿ ಬಾಳಲಿ.

ನಿನ್ನ ತಂಗಿ,
ಮುನಿತಾಯಿ

ಬರೆದು ಮಡಿಚಿದ ಮೇಲೆ ಮತ್ತೆ ಬಿಚ್ಚಿದ್ದೀನಿ. ನನಗೆ ಹನ್ನೆರಡಾಗಿದ್ದಾಗ ತೋಪಿನಲ್ಲಿ ಮರಕೋತಿ ಆಡ್ತಿದ್ದೆನಲ್ಲ, ಅದು ನಿನಗೊಬ್ಬಳಿಗೇ ಗೊತ್ತಿತ್ತು. ಅಪ್ಪನಿಗೆ ಯಾರೋ ಹೇಳಿದರು. ಅವತ್ತೇ ಸ್ಲೇಟು ಕಸಿದುಕೊಂಡರು, ಎರಡು ತಿಂಗಳಲ್ಲಿ ನನ್ನ ಧಾರೆಯಾಯ್ತು. ಹೇಳಿದ್ದು ನೀನೇನಾ ಅಕ್ಕ? ಇಪ್ಪತ್ತೆರಡು ವರ್ಷದಿಂದ ನಿನ್ನ ಮನೇಲಿ ಉಣ್ಣೋವಾಗಲೆಲ್ಲ ಇದನ್ನ ಕೇಳಬೇಕು ಅಂತ ಬಾಯಿವರೆಗೂ ಬರುತ್ತೆ, ನುಂಗಿಕೊಳ್ತೀನಿ. ಹೌದಾದರೆ ಹೌದು ಅಂತ ಬರೆದುಬಿಡು, ನಾನು ಜಗಳ ಆಡಲ್ಲ. ಅನುಸೂಯನ ವಿಷಯ ಇಲ್ಲಿ ಯಾರಿಗೂ ಹೇಳಿಲ್ಲ. ನಿನಗೊಬ್ಬಳಿಗೇ ಹೇಳಿದ್ದೀನಿ.