ಅಮ್ಮನಲ್ಲಿ ಉಳಿದ ಒಂದು ಪದ

ಫೈಲಿ
ಅಕ್ಟೋಬರ್ ೯

ಪ್ರೀತಿಯ ಲೊರೇನ್,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಅಮ್ಮ ಹೋದಳೆಂದು ತಿಳಿದಿರುತ್ತೀಯ. ಇಲ್ಲ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಫೈಲಿಯ ಕಡಲಿನಿಂದ ಏರಿ ಬರುವ ಮಂಜನ್ನು ನೋಡುತ್ತಿದ್ದಾಳೆ. ಬಲಗೈ ಏಳುವುದಿಲ್ಲ. ಬೇಸಿಗೆಯಲ್ಲಿ ಪಾರ್ಶ್ವವಾಯು ಬಡಿದಾಗ ಮಾತುಗಳೆಲ್ಲ ಹೋದವು. ಒಂದು ಮಾತ್ರ ಉಳಿಯಿತು: 'ನೈಸ್'.

ನಿನಗೆ ನಗು ಬಂದಿರಬಹುದು. ನನಗೂ ಮೊದಲು ಬಂದಿತ್ತು. ಲಾಡ್ಜಿಂಗ್ ನಡೆಸುತ್ತಿದ್ದ ಅಷ್ಟೂ ವರ್ಷ ಅವಳು ಸವೆಸಿದ ಪದ ಅದೇ ತಾನೆ. ಹವೆ ನೈಸ್, ಮೊಟ್ಟೆ ನೈಸ್, ಪಾದ್ರಿಯ ಹೆಂಡತಿಯ ಟೋಪಿ ನೈಸ್. ಹಾಸಿಗೆಯಲ್ಲಿ ಸಿಗರೇಟು ಸೇದಿದ ಅತಿಥಿಯನ್ನೂ ಬಾಗಿಲವರೆಗೆ ಬಿಟ್ಟು ಬಂದು "ನೈಸ್ ಮನುಷ್ಯ" ಎನ್ನುತ್ತಿದ್ದಳು. ಅಂಥವರಿಗೆ ಮರುವರ್ಷ ರೂಮು ಖಾಲಿ ಇರುತ್ತಿರಲಿಲ್ಲ.

ಆ ಪದವನ್ನು ನಾನು ಶಾಲೆಯಲ್ಲಿ ಏನು ಮಾಡುತ್ತೇನೆಂಬುದು ನಿನಗೆ ಗೊತ್ತಿಲ್ಲ. ಪ್ರತಿ ಸೆಪ್ಟೆಂಬರಿನಲ್ಲಿ ನನ್ನ ತರಗತಿಯ ಹಿಂದಿನ ಗೋಡೆಯ ಮೇಲೆ ಬೂದು ಕಾಗದದ ಒಂದು ಸ್ಮಶಾನ ಏಳುತ್ತದೆ. ಪ್ರಬಂಧಗಳಲ್ಲಿ ಮಕ್ಕಳು ಬಳಸಕೂಡದ ಪದಗಳಿಗೆ ಅಲ್ಲಿ ಗೋರಿ. ಮೊದಲ ಗೋರಿ 'ನೈಸ್'ನದು, ಅದರ ಪಕ್ಕದಲ್ಲಿ 'ಗುಡ್'. ಬದಲಿಗೆ ಬಳಸಬೇಕಾದ ಪದಗಳನ್ನು ಕಾಗದದ ಹೂಗಳ ಮೇಲೆ ಬರೆದು ಗೋರಿಯ ಬುಡದಲ್ಲಿ ಅಂಟಿಸುತ್ತೇವೆ. ಸೊಗಸು, ಹಿತ, ರಮ್ಯ, ಮನೋಹರ, ಹೀಗೆ. ಎಲ್ಲ ಶಾಲೆಗಳಲ್ಲೂ ಮಾಡುತ್ತಾರೆ. ಈ ಸಲ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು, "ಮಿಸ್, ಅದಕ್ಕೆ ಏನಾಗಿತ್ತು?"

"ದುಡಿದು ದುಡಿದು ಸುಸ್ತಾಗಿತ್ತು," ಎಂದೆ.

"ಹಂಗಾದ್ರೆ ರಜಾ ಕೊಡ್ಬೇಕಿತ್ತು ಮಿಸ್. ಹೂಳೋದು ಯಾಕೆ?"

ನಾನು ಗಡಿಯಾರದ ಕಡೆ ನೋಡಿದೆ. ಮನೆಗೆ ಬಂದರೆ, ಹೂತು ಬಂದದ್ದೇ ಕುರ್ಚಿಯಲ್ಲಿ ಕೂತು ನನ್ನನ್ನು ಕರೆಯುತ್ತಿತ್ತು.

ಅಮ್ಮನನ್ನು ನೋಡಿಕೊಳ್ಳಲು ಬರುವ ಪಾಲೀನ್‌ಗೆ ಇದೆಲ್ಲ ನನಗಿಂತ ಮೊದಲೇ ಅರ್ಥವಾಯಿತು. ಒಂದು ಬೆಳಿಗ್ಗೆ ಓಟ್ಸ್ ಗಂಜಿ ತಿನ್ನಿಸುತ್ತಿದ್ದಳು.

"ಹೆಂಗಿದೆ ಮ್ಯೂರಿಯಲಮ್ಮ?"

"ನೈಸ್."

"ನಾಯಿಗೆ ಹಾಕು ಅಂತೀರಾ. ಗೊತ್ತಾಯ್ತು ಬಿಡಿ, ಸಕ್ಕರೆ ತರ್ತೀನಿ."

ಅಮ್ಮ ನಕ್ಕಳು, ಮುಖದ ಒಂದೇ ಭಾಗದಿಂದ.

ಆಮೇಲೆ ನಾನು ಕಿವಿಗೊಡತೊಡಗಿದೆ. ಚಿಕ್ಕದಾಗಿ, ತುದಿ ಮೇಲಕ್ಕೆತ್ತಿದರೆ ಚಹಾ. ಹಲ್ಲಿನ ನಡುವೆ ಸೀಳಿ ಬಂದರೆ ಭುಜದ ನೋವು. ಮೂಗಿನಲ್ಲಿ ಎಳೆದರೆ ಪಾದ್ರಿ ಬಂದಿದ್ದಾರೆ, ಬೇಗ ಕಳಿಸು. ಒಂದು ಸಂಜೆ ಮಂಜು ಹರಿದು ಕೊಲ್ಲಿಯ ನೀರೆಲ್ಲ ಒಮ್ಮೆಗೇ ಬೆಳಗಿದಾಗ ಉಸಿರಿನಷ್ಟು ಮೆಲ್ಲಗೆ ಅದೇ ಪದ ಹೇಳಿದಳು. ನನ್ನ ಯಾವ ಕಾಗದದ ಹೂವಿನ ಮೇಲೂ ಅದಕ್ಕೆ ಸಾಟಿಯಾದ ಪದ ಇರಲಿಲ್ಲ. ಅಷ್ಟು ವರ್ಷ ಅವಳು ಆಡಿದ್ದೆಲ್ಲ ಕೇಳಿಸಿಕೊಂಡಿದ್ದೆ ಅಂದುಕೊಂಡಿದ್ದೆನಲ್ಲ, ಲೊರೇನ್. ಕುರ್ಚಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ದೊಡ್ಡದೇನೋ ಒಂದು ಪಕ್ಕದಲ್ಲೇ ಉಸಿರಾಡುತ್ತಿದೆ ಎಂದು ತಿಳಿದಾಗ ಕೂರುವ ಹಾಗೆ.

ನಾನು ಬರೆಯಲು ಕೂತದ್ದು ಇದಕ್ಕಲ್ಲ. ಕಳೆದ ವಾರ ಅವಳ ಎಡಗೈ ಬೆರಳುಗಳು ಊದಿಕೊಂಡವು. ಮದುವೆಯ ಉಂಗುರ ಬಿಗಿದು ಬೆರಳು ನೀಲಿಗಟ್ಟಿತ್ತು. ಪಾಲೀನ್ ಸೋಪು ಹಚ್ಚಿ, ಮಾತಾಡಿಸುತ್ತಾ ಹೇಗೋ ತೆಗೆದಳು. "ಈಗ ಹಗುರಾಯ್ತಲ್ಲ?" ಎಂದು ಕೇಳಿದಳು.

"ನೈಸ್," ಎಂದಳು ಅಮ್ಮ.

ಏರಿಳಿತವಿಲ್ಲದ, ಮುಚ್ಚಳ ಹಾಕಿದಂಥ ದನಿ. ಉಂಗುರದ ಕಡೆ ನೋಡಲಿಲ್ಲ. ಮಧ್ಯಾಹ್ನವೆಲ್ಲ ಹೆಬ್ಬೆರಳಿನಿಂದ ಆ ಬರಿ ಬೆರಳನ್ನು ತಡವುತ್ತಾ ಕೂತಿದ್ದಳು. ಊಟ ಬೇಡವಾಯಿತು.

ಆ ದನಿಯನ್ನು ನಾನು ಮೊದಲೂ ಕೇಳಿದ್ದೆ. ನೀನೂ ಕೇಳಿದ್ದೀಯ. ನೀನು ಮೆಚ್ಚಿದ ಹುಡುಗ ಡೆಸ್ಮಂಡ್‌ನನ್ನು ಮನೆಗೆ ಕರೆತಂದ ಭಾನುವಾರ ಅದು. ಅಮ್ಮ ಅವನ ತಟ್ಟೆಗೆ ಮಾಂಸ ಬಡಿಸುತ್ತಾ ಅವನ ಕಡೆಯವರು ಎಲ್ಲಿಯವರೆಂದು ಕೇಳಿದಳು.

"ಲೀಡ್ಸ್ ಅಮ್ಮ."

"ಅದಕ್ಕೂ ಮುಂಚೆ?"

"ಅದಕ್ಕೂ ಮುಂಚೆ ಬ್ರ್ಯಾಡ್‌ಫರ್ಡ್. ಅದನ್ನ ಮಾತ್ರ ಯಾರಿಗೂ ಹೇಳಲ್ಲ ನಾವು."

ಆ ಎರಡು ಊರುಗಳ ಪೈಪೋಟಿ ಗೊತ್ತಿದ್ದ ನಾನು ನಕ್ಕೆ. ಅಮ್ಮ ನಗಲಿಲ್ಲ. ಅವನು ಕಾರು ತರಲು ಹೋದಾಗ ನೀನು, "ಹೇಗಿದ್ದಾನೆ?" ಎಂದು ಕೇಳಿದೆ. ಅಮ್ಮ ಸಾರಿನ ಬಟ್ಟಲನ್ನು ನೋಡುತ್ತಾ "ನೈಸ್" ಎಂದಳು. "ಮುಂದಿನ ವರ್ಷ ರೂಮಿಲ್ಲ ಅನ್ನೋ ನೈಸು ತಾನೆ? ಅವನ ಬಣ್ಣಕ್ಕೆ ಇಲ್ಲಿ ಹಾಸಿಗೆ ಇಲ್ಲ ಅಂತ ಬಾಯಿಬಿಟ್ಟೇ ಹೇಳು," ಎಂದು ನೀನು ಕೋಟು ಎತ್ತಿಕೊಂಡೆ. ಆಮೇಲೆ ನೀನು ಈ ಮನೆಯ ಮೆಟ್ಟಿಲು ಹತ್ತಲಿಲ್ಲ.

ಆಗ ನನಗೂ ಹಾಗೇ ಕೇಳಿಸಿತ್ತು. ಈಗ ಬೇರೆ ಕೇಳಿಸುತ್ತದೆ. ಅವಳು ಅವನ ಬೆಲೆ ಕಟ್ಟುತ್ತಿರಲಿಲ್ಲ. ಉಂಗುರದ ಹಾಗೆ ಅವಳ ಕೈಯಿಂದ ನೀನು ಕಳಚುತ್ತಿದ್ದೆ, ಅದನ್ನು ನೋಡಲಾರದೆ ಸಾರನ್ನು ನೋಡುತ್ತಿದ್ದಳು. ಅಮ್ಮನದು ತಪ್ಪೇ ಇಲ್ಲ ಅನ್ನುತ್ತಿಲ್ಲ ನಾನು. "ಅದಕ್ಕೂ ಮುಂಚೆ?" ಎಂದು ಕೇಳಿದವಳೂ ಅವಳೇ. ಎರಡೂ ಒಂದೇ ಬಾಯಿಂದ ಬಂದವು. ನಾವಿಬ್ಬರೂ ಒಂದನ್ನು ಮಾತ್ರ ಹೊತ್ತುಕೊಂಡು ನಡೆದೆವು.

ಇನ್ನೊಂದು ಹೊಡೆತ ಬರುತ್ತದೆ, ಯಾವಾಗ ಎಂದು ಹೇಳಲಾಗದು ಎಂದರು ಡಾಕ್ಟರು. ಬಂದರೆ ಈ ಪದವೂ ಉಳಿಯುವುದಿಲ್ಲ. ಲೀಡ್ಸ್‌ನಿಂದ ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಇಲ್ಲಿರುತ್ತೀಯ. ಡೆಸ್ಮಂಡ್‌ನನ್ನೂ ಕರೆದುಕೊಂಡು ಬಾ. ಅಮ್ಮ ನಿನ್ನನ್ನು ಕೇಳುತ್ತಿದ್ದಾಳೆ.

ನಿನ್ನ ಅಕ್ಕ,
ಜಿಲ್

ಮರೆತ ಮಾತು: 'ಕೇಳುತ್ತಿದ್ದಾಳೆ' ಎಂದು ಬರೆದದ್ದು ನಾನು. ಅವಳು ಕೇಳಿಲ್ಲ. ಬರೆದು ಮುಗಿಸಿ ಕಾಗದವನ್ನು ಅವಳಿಗೆ ಓದಿ ಹೇಳಿದೆ, ಕಳಿಸಲೇ ಎಂದೆ. ತುಟಿ ಆಡಿತು, ಇದ್ದ ಒಂದು ಪದವೂ ಬರಲಿಲ್ಲ. ಎಡಗೈ ಚಾಚಿ ಕಾಗದ ಇಸಿದುಕೊಂಡಳು, ನಿನ್ನ ಹೆಸರಿದ್ದ ಹಾಳೆಯನ್ನು ಮೇಲಿಟ್ಟು ಮಡಿಲಲ್ಲಿ ಇಟ್ಟುಕೊಂಡಳು. ಎಷ್ಟು ಕೇಳಿದರೂ ಹಿಂದಕ್ಕೆ ಕೊಡುತ್ತಿಲ್ಲ. ನಿನಗೆ ಕಳಿಸುತ್ತಿರುವುದು ನಾನು ಮತ್ತೆ ಕೂತು ಬರೆದದ್ದು.